ಎರಡು ಫೇಸಿನ ಕರೆಂಟು

ಚಿತ್ತವಾಡ್ಗಿಯ ಎರ್ರೆಮ್ಮ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಖಾರಪುಡಿಯ ಗಿರಣಿ ಇಟ್ಟಿದ್ದಾಳೆ. ಓಣಿಯವರಿಗೆ ಗಿರಣಿಯ ಘಾಟಿಗಿಂತ ಅವಳ ಬೈಗುಳದ ಭಯವೇ ಹೆಚ್ಚು. ಮೂರು ಫೇಸಿನಲ್ಲಿ ಒಂದು ಕೈಕೊಟ್ಟರೆ ಸಾಕು, ಮೋಟಾರು ತಿರುಗದೆ ಗುಂಯ್‌ಗುಡುತ್ತದೆ, ಎರ್ರೆಮ್ಮ ಅದಕ್ಕಿಂತ ಜೋರಾಗಿ ಶುರು ಮಾಡುತ್ತಾಳೆ. ಲೈನ್‌ಮನ್‌ಗೆ ಫೋನು ಹಚ್ಚಿ, "ಬಿಲ್ಲು ಮೂರಕ್ಕೂ ಹಾಕ್ತೀರಿ, ಕರೆಂಟು ಎರಡಕ್ಕ ಕೊಡ್ತೀರಿ, ನಾಚಿಕಿ ಇಲ್ಲೇನ್ರಿ ನಿಮಗ?" ಎನ್ನುತ್ತಾಳೆ. ಅವನು ಫೋನಿಟ್ಟ ಮೇಲೂ ಲೈಟುಕಂಬದ ಕಡೆ ಮುಖ ಮಾಡಿ ಬೈಯುತ್ತಲೇ ಇರುತ್ತಾಳೆ. ಬೇಸತ್ತು ಡಬ್ಬಿ ಎತ್ತಿಕೊಂಡು ಹೊರಟ ಹೆಂಗಸರನ್ನೂ ಬಿಡುವುದಿಲ್ಲ: "ಎಲ್ಲಿಗೆ ಹೊಂಟ್ರಿ? ಕುಂದ್ರಿ ಸುಮ್ಮನ." ಮೊನ್ನೆ ಹೀಗೇ ಒಂದು ಫೇಸ್ ಹೋದಾಗ, ಗಾದಿಗನೂರಿನಿಂದ ಮೆಣಸಿನಕಾಯಿ ತಂದಿದ್ದ ಮಹಾಂತೇಶ, "ಬೆಲ್ಟ್ ಕೈಲೆ ಜಗ್ಗಿದ್ರ ಎರಡರ ಮ್ಯಾಲೂ ತಿರುಗ್ತತಿ ಬಿಡಕ್ಕ, ನಾ ಜಲ್ದಿ ಹೋಗಬೇಕು" ಎಂದು ಬೆಲ್ಟಿಗೆ ಕೈಹಾಕಿದ. ಎರ್ರೆಮ್ಮ ಮೇನ್ ಸ್ವಿಚ್ ಕೆಳಗೆಳೆದು, ಅವನ ರಟ್ಟೆ ಹಿಡಿದು ಹಿಂದಕ್ಕೆ ನೂಕಿದಳು. ಈಗ ಇವನ ಗತಿ ಮುಗಿಯಿತೆಂದು ಹೆಂಗಸರು ಅಂದುಕೊಂಡರು. ಆದರೆ ಅವಳು ಒಂದು ಮಾತೂ ಬೈಯಲಿಲ್ಲ. ಮೂಲೆಯಲ್ಲಿ ಕುಳಿತು ಪುಡಿ ಜರಡಿ ಹಿಡಿಯುತ್ತಿದ್ದ ಗಂಡ ಉಚ್ಚೆಂಗೆಪ್ಪನ ಬಲಗೈಯನ್ನು ಎತ್ತಿ ತೋರಿಸಿದಳು. ಒಮ್ಮೆ ಹಾಗೇ ಬೆಲ್ಟ್ ಜಗ್ಗಿದ್ದ ಆ ಕೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು.