ಕಾಕಾನ ಹೆಬ್ಬಾಗಿಲು

ಮೊನ್ನೆ ರಾಮದುರ್ಗದಲ್ಲಿ ನಮ್ಮ ಎದುರುಮನೆಯವರು ಹೊಸ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿಸುತ್ತಿದ್ದರು. ತೇಗದ ಬಾಗಿಲು, ಮೇಲೆ ಎರಡು ಆನೆ ಕೆತ್ತಿಸಿದ್ದಾರೆ. ನಮ್ಮದು ಪ್ಲೈವುಡ್ಡು, ಅದರ ಮೇಲಿರುವ ಚಿತ್ರಕಲೆ ಎಂದರೆ ಪೋಲಿಯೊ ಹನಿಯವರು ಸೀಮೆಸುಣ್ಣದಲ್ಲಿ ಬರೆದು ಹೋದದ್ದು. ಆ ಎಣ್ಣೆಯ ವಾಸನೆಗೆ ಹೊಟ್ಟೆಯಲ್ಲಿ ಸ್ವಲ್ಪ ಕಿಚ್ಚೆದ್ದಿತು, ಸುರೇಬಾನದ ಕಾಕಾನೂ ನೆನಪಾದ.

ಕಾಕಾ ನಮ್ಮಪ್ಪನ ತಮ್ಮ. ಪ್ರಾಯದಲ್ಲಿ ಒಮ್ಮೆ ಯಾವುದೋ ವಾಡೆಯ ಮದುವೆಗೆ ಹೋಗಿದ್ದನಂತೆ. ವಾಡೆ ನಿಮಗೆ ಗೊತ್ತಲ್ಲ, ಕೋಟೆಯಂಥ ಮನೆ. ಹೆಬ್ಬಾಗಿಲಿನ ಹಲಗೆಯಲ್ಲೇ ಇನ್ನೊಂದು ಸಣ್ಣ ಬಾಗಿಲು, ದಿಡ್ಡಿ. ಜೀಪಿನವರು ಬಂದರೆ ಹೆಬ್ಬಾಗಿಲು ತೆರೆಯುತ್ತಿತ್ತು, ಕಾಕಾನಿಗೆ ದಿಡ್ಡಿ. ಬಗ್ಗಿ ಒಳಗೆ ಹೋಗುವಾಗ ತಲೆಗೆ ಸುತ್ತಿದ ರುಮಾಲು ಚೌಕಟ್ಟಿಗೆ ತಾಗಿ ಬಿತ್ತು.

"ಯಾರರೆ ನಕ್ಕಿದ್ರ ಚೊಲೊ ಇತ್ತೊ ತಮ್ಮಾ," ಅನ್ನುತ್ತಿದ್ದ. "ಯಾರೂ ನೋಡ್ಲೇ ಇಲ್ಲ."

ವರ್ಷಗಳ ಮೇಲೆ ಒಂದು ಹಳೆಯ ವಾಡೆ ಕೆಡವಿ ಬಾಗಿಲು ಮಾರುತ್ತಾರೆಂದು ಸುದ್ದಿ ಬಂತು. ಕಾಕಾ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಒಂದು ಮಾತೂ ಕೇಳದೆ ಅವಳ ಎಮ್ಮೆ ಮಾರಿ, ಹೆಬ್ಬಾಗಿಲನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಮನೆಗೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ, ಬಾಗಿಲು ಮಾಳಿಗೆಗಿಂತ ಎತ್ತರ. ಮುಂದಿನ ಗೋಡೆಯೊಂದನ್ನೇ ಎಬ್ಬಿಸಿ ಅದನ್ನು ಕೂರಿಸಿದರು. ಮೇಲಿನ ಒಂದು ಮೊಳ ನೇರ ಆಕಾಶಕ್ಕೆ ತೆರೆಯುತ್ತಿತ್ತು.

ತಕ್ಕ ಅತಿಥಿ ಬಂದಾಗಲೇ ಹೆಬ್ಬಾಗಿಲು, ಉಳಿದವರಿಗೆ ದಿಡ್ಡಿ ಎಂದು ಕಾಕಾ ಠರಾಯಿಸಿದ. ತಕ್ಕವರು ಯಾರೂ ಬರಲಿಲ್ಲ. ಊರಿನ ಲೆಕ್ಕಪತ್ರ ನೋಡುವ ತಲಾಟಿ ಬಂದರೆ "ಇಂವ ಎಷ್ಟರಾಂವ!" ಬೀಗರು ಬಂದರೂ ಅದೇ ಮಾತು. ತನಗಾಗಿ ತಾನೇ ಹೆಬ್ಬಾಗಿಲು ತೆಗೆದರೆ ಮರ್ಯಾದೆಯಲ್ಲ ಎಂದು ತಾನೂ ದಿನಾ ಬಗ್ಗಿಯೇ ಓಡಾಡಿದ.

ಕಾಕು ಮಾತ್ರ, "ಎಮ್ಮಿ ಇಲ್ಲದ ಮನ್ಯಾಗ ನಾ ಇರಾಂಗಿಲ್ಲ," ಎಂದು ಚಚಡಿಗೆ, ತವರಿಗೆ, ಹೊರಟೇ ಹೋದಳು. ಅಷ್ಟು ದೊಡ್ಡ ಬಾಗಿಲಿನ ಬುಡದಲ್ಲಿ ಕಾಕಾ ಒಬ್ಬನೇ ಕೂತು ಹಾಲಿಲ್ಲದ ಚಹಾ ಕುಡಿಯುತ್ತಿದ್ದ. ಆಕೆ ಬರದೇ ಹೋದರೆ ಎಂಬ ಭಯ ಅವನ ಮುಖದ ಮೇಲೇ ಇತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಬಂದಳು. ಜೊತೆಗೆ ತವರಿನವರು ಕೊಟ್ಟ ಎಮ್ಮೆ. ನಮ್ಮ ಕಡೆ ದನ ಕಟ್ಟುವುದು ಮನೆಯೊಳಗೇ, ತಲೆಬಾಗಿಲು ದಾಟಿದ ಕೂಡಲೆ. ಎಮ್ಮೆಯ ಕೋಡುಗಳೋ ಎರಡೂ ಕಡೆ ಚಾಚಿಕೊಂಡಿದ್ದವು. ಅದು ದಿಡ್ಡಿಯನ್ನೊಮ್ಮೆ ನೋಡಿ ನಿಂತುಬಿಟ್ಟಿತು.

"ದೊಡ್ಡ ಬಾಗ್ಲಾ ತಗೀರಿ," ಅಂದಳು ಕಾಕು.

"ಅದರ ತೆಲಿ ಒಂಚೂರು ಬಗ್ಗಸು."

"ಅದಕ್ಕ ಬಗ್ಗೂದು ಗೊತ್ತಿಲ್ರಿ. ಅದು ಮನಿಶ್ಯಾ ಅಲ್ಲ, ಎಮ್ಮಿ."

ಓಣಿಯೇ ನೆರೆದಿತ್ತು. ಕಾಕಾ ಇಬ್ಬರನ್ನು ಕರೆದು ಅಗಳಿ ಸರಿಸಿದ. ಕಾಕು ಎಮ್ಮೆಯ ಕಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಆರತಿ ಬೆಳಗಿದಳು. ಎಮ್ಮೆ ಗಂಭೀರವಾಗಿ ಒಳಗೆ ನಡೆಯಿತು. ಅಂದಿನಿಂದ ಬೆಳಗ್ಗೆ ಸಂಜೆ ಅದಕ್ಕಾಗಿ ಹೆಬ್ಬಾಗಿಲು ತೆರೆಯುವುದು ಕಾಕಾನ ಕೆಲಸವಾಯಿತು.

ಈ ರವಿವಾರ ಹೋಗಿದ್ದೆ. ಈಗ ಇರುವುದು ಆ ಎಮ್ಮೆಯ ಮೊಮ್ಮಗಳು. ಮೇಯ್ದು ಬರುವ ಹೊತ್ತು, ಹೆಬ್ಬಾಗಿಲು ತೆರೆದಿತ್ತು. ನಾನು ಕಾರಿನಿಂದ ಇಳಿದು, ಇಸ್ತ್ರಿ ಅಂಗಿ ಸರಿಪಡಿಸಿಕೊಂಡು, ಅದರ ಹಿಂದೆಯೇ ಎದೆಯುಬ್ಬಿಸಿ ನಡೆದೆ.

"ಏ ತಮ್ಮಾ, ಎಲ್ಲಿ ಹೊಂಟಿ?" ಒಳಗಿನಿಂದ ಮುದುಕ ಕಾಕಾ ಗದರಿದ. "ಆಕಿ ಬರ್ಲಿ. ನೀ ದಿಡ್ಡೀಲೆ ಬಾ."

ಹೆಬ್ಬಾಗಿಲು ಮುಚ್ಚಿತು. ನಾನು ಹೊರಗೆ ನಿಂತು, ಬಗ್ಗಿ ದಿಡ್ಡಿಯಲ್ಲಿ ತೂರಿದೆ. ಎಮ್ಮೆ ಹಿಂಡಿ ತಿನ್ನುತ್ತಿತ್ತು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜೀವನದಲ್ಲಿ ಯಾರ್‍ಯಾರನ್ನೋ ಕಂಡು ಉರಿದುಕೊಂಡಿದ್ದೇನೆ. ಒಂದು ಎಮ್ಮೆಯನ್ನು ಕಂಡು ಅಷ್ಟು ಉರಿದದ್ದು ಅದೇ ಮೊದಲು.