ಯಾರೂ ಸಾಯದ ಕಥೆಗಳು

ಮೊನ್ನೆ ಕಪಾಟು ಒರೆಸುವಾಗ ಒಂದು ಹಳೆಯ ಕಥಾಸಂಕಲನ ಕೈಗೆ ಬಂತು. ತೆರೆದರೆ ನೀಲಗಿರಿ ಎಣ್ಣೆಯ ವಾಸನೆ, ತೀರಾ ಸಣ್ಣಗೆ... ಕೆಳಗಿನ ಮನೆಯ ಅಕ್ಕನ ಕೈಯ ವಾಸನೆ ಅದು. ಕ್ಯಾನ್ಸರಿನ ಚಿಕಿತ್ಸೆ ಶುರುವಾದ ಮೇಲೆ ಅವರಿಗೆ ಮೀನು ಹುರಿಯುವ ಪರಿಮಳಕ್ಕೂ ವಾಕರಿಕೆ ಬರುತ್ತಿತ್ತು. ಕರ್ಚೀಫಿಗೆ ನಾಲ್ಕು ಹನಿ ಎಣ್ಣೆ ಹಾಕಿ ಮುಷ್ಟಿಯಲ್ಲೇ ಹಿಡಿದಿರುತ್ತಿದ್ದರು.

ಮಂಗಳೂರು ಜೆಪ್ಪುವಿನ ನಮ್ಮ ಫ್ಲ್ಯಾಟಿನಲ್ಲಿ ಐದು ಮಂದಿ ಹೆಂಗಸರು ಗುರುವಾರ ಮಧ್ಯಾಹ್ನ ಸೇರಿ ಒಂದು ಕಥೆ ಓದುತ್ತಿದ್ದೆವು. ಶುರು ಮಾಡಿದ್ದೇ ಅಕ್ಕ. ಬ್ಯಾರಿ ಮುಸ್ಲಿಂ ಮನೆತನದವರು, ಗಂಡನದು ಬಂದರಿನಲ್ಲಿ ಅಂಗಡಿ. ಇವರು ರಿಟೈರ್ ಆದ ಕನ್ನಡ ಟೀಚರ್. ನನ್ನ ಕಾನ್ವೆಂಟ್ ಕನ್ನಡವನ್ನು ನಗುತ್ತಲೇ ತಿದ್ದಿದವರು, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಅನ್ನುತ್ತಿದ್ದವರು. ಅವರಿಗೆ ಹುಷಾರಿಲ್ಲದಾದ ಮೇಲೆ ಕಥೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಪ್ರತಿ ಕಥೆಯ ಕೊನೆಯ ಪುಟವನ್ನು ಮೊದಲು ಓದುತ್ತಿದ್ದೆ. ಯಾರಾದರೂ ಸಾಯುವ ಕಥೆಯಾದರೆ ಪರಿವಿಡಿಯಲ್ಲಿ ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಶಿಲುಬೆ. ನಮ್ಮ ಮನೆಯಲ್ಲಿ ತೀರಿಹೋದವರ ಹೆಸರಿಗೆ ಹಾಗೆಯೇ ಗುರುತು ಹಾಕುವುದು, ಕೈ ತಾನಾಗಿ ಹಾಕಿತು. ಶಿಲುಬೆ ಇಲ್ಲದ್ದನ್ನು ಮಾತ್ರ ಓದುವುದು. ಹಲಸಿನ ಹಣ್ಣು ಕದ್ದವನು, ತಪ್ಪು ಹಾಲ್‌ಗೆ ಹೋಗಿ ಮದುವೆ ಊಟ ಮಾಡಿ ಬಂದ ಮಾವ... ಅಕ್ಕ ನಗಲಿ ಅಂತ.

ಒಂದು ಗುರುವಾರ ಪುಸ್ತಕ ಅವರ ಕೈಗೆ ಹೋಯಿತು.

"ಇದೆಂತ ಬಾಯಮ್ಮಾ, ಸಾಲು ಸಾಲು ಶಿಲುಬೆ, ನಿಮ್ಮ ಇಗರ್ಜಿಯ ಸಿಮೆಟ್ರಿಯಾ?"

ನಾನು ತಡವರಿಸಿದೆ. ಅವರಿಗೆ ಅಷ್ಟೇ ಸಾಕಾಯಿತು.

"ಹಾಗೆ ಹೇಳಿ! ಎರಡು ತಿಂಗಳಿಂದ ಒಬ್ಬರೂ ಸಾಯಲಿಲ್ಲ. ಕಥೆ ಬರೆಯುವವರೆಲ್ಲ ಡಾಕ್ಟರಾದ್ರಾ ಅಂದುಕೊಂಡೆ ಮಾರಾಯ್ತಿ."

ಎಲ್ಲರೂ ನಕ್ಕರು. ನಾನು ಚಾ ಮಾಡಲು ಎದ್ದಾಗ ಅಕ್ಕ ಹಿಂದೆಯೇ ಅಡುಗೆಮನೆಗೆ ಬಂದರು.

"ಮನೆಯಲ್ಲಿ ನಾನು ಆ ವಿಷಯ ಎತ್ತಿದರೆ ಮಗಳು ಎದ್ದು ಹೋಗ್ತಾಳೆ. ಇವರು ಟಿವಿ ಜೋರು ಮಾಡ್ತಾರೆ. ಮುಂದಿನ ವಾರ ಶಿಲುಬೆ ಇರುವುದು ಒಂದು ಓದುವ. ಕಥೆಯ ನೆಪದಲ್ಲಾದ್ರೂ ಮಾತಾಡಬಹುದಲ್ಲ."

"ಆಯ್ತು ಅಕ್ಕ" ಅಂದೆ.

ಆರಿಸಿಯೂ ಇಟ್ಟೆ. ಒಬ್ಬ ಮುದುಕಿ ಯಾವ ಸೀರೆ ಯಾರಿಗೆ ಎಂದು ತಾನೇ ಹಂಚಿ ಹೋಗುವ ಕಥೆ. ಆದರೆ ಗುರುವಾರ ಲಿಫ್ಟ್ ಕೆಟ್ಟಿತ್ತು; ಅವರು ಗೋಡೆ ಹಿಡಿದು, ಎರಡು ಕಡೆ ನಿಂತು, ಮೆಟ್ಟಿಲು ಹತ್ತಿ ಬಂದದ್ದು ಕಂಡು ನನ್ನ ಧೈರ್ಯ ಹೋಯಿತು. ಇನ್ನೊಂದು ತಮಾಷೆಯ ಕಥೆ ತೆಗೆದೆ. ಅಕ್ಕ ನಗಬೇಕಾದಲ್ಲೆಲ್ಲ ನಕ್ಕರು. ಹೋಗುವಾಗ ಬಾಗಿಲಲ್ಲಿ ನನ್ನ ಕೆನ್ನೆ ತಟ್ಟಿ, "ನೀವೂ ಟಿವಿ ಜೋರು ಮಾಡಿದಿರಿ" ಅಂದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು...

ಮತ್ತೆ ಅವರು ಮೇಲೆ ಬರಲಿಲ್ಲ. ಹದಿನೈದು ದಿನದಲ್ಲಿ ತೀರಿಕೊಂಡರು.

ನಿನ್ನೆ ಲಿಫ್ಟಿನ ಹತ್ತಿರ ಅವರ ಮಗಳು ಸಿಕ್ಕಿದಳು. ಏನೇನೋ ಮಾತಾಡಿ, ಆಮೇಲೆ ಚೀಲದ ಹಿಡಿಯನ್ನು ತಿರುಚುತ್ತಾ ಕೇಳಿದಳು: "ಆಂಟಿ, ಉಮ್ಮ ಗುರುವಾರ ನಿಮ್ಮಲ್ಲಿ ಎಂತಾದ್ರೂ ಹೇಳ್ತಿದ್ರಾ? ಕೊನೆಗೆ... ನಾನು ಕೇಳಲೇ ಇಲ್ಲ."

ಕಥೆ ಓದುತ್ತಿದ್ದೆವು, ತುಂಬ ನಗುತ್ತಿದ್ದರು ಅಂದೆ.

ಅವಳು ತಲೆಯಾಡಿಸಿದಳು. ಲಿಫ್ಟ್ ಬಂದು ಬಾಗಿಲು ತೆರೆದರೂ ಹತ್ತದೆ, ನಾನು ಇನ್ನೂ ಏನಾದರೂ ಹೇಳಬಹುದು ಎಂದು ಸ್ವಲ್ಪ ಹೊತ್ತು ನಿಂತೇ ಇದ್ದಳು.