ಒಂದೂ ಗೋಲ್ ಹೊಡೆಯದ ರೇವತಿ

"ಇದುವರೆಗೆ ಎಷ್ಟು ಗೋಲ್ ಹೊಡೆದಿದ್ದೀರಮ್ಮ?"

"ಒಂದೂ ಇಲ್ಲ ಸಾರ್."

ಇಂಟರ್‌ವ್ಯೂ ರೂಮಿನೊಳಗೆ ಫ್ಯಾನ್ ತಿರುಗುವ ಸದ್ದು ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೂ ಕೇಳಿಸಿತು. ಹಳೆಯ ಸರ್ಕಾರಿ ಕಟ್ಟಡ. ಬಾಗಿಲು ಎಂದರೆ ಸ್ಪ್ರಿಂಗ್ ಹಾಕಿದ ಅರ್ಧ ಬಾಗಿಲು, ಮೇಲೂ ಖಾಲಿ, ಕೆಳಗೂ ಖಾಲಿ. ಒಳಗಿನ ಮಾತು ಕೇಳಬಾರದು ಎಂದುಕೊಂಡರೂ ಕೇಳುತ್ತದೆ. (ನಾನು ಹಾಗೇನೂ ಅಂದುಕೊಂಡಿರಲಿಲ್ಲ, ಆ ಮಾತು ಬೇರೆ.)

"ಎಷ್ಟು ವರ್ಷದಿಂದ ಆಡ್ತಿದ್ದೀನಿ ಅಂದ್ರಿ?"

"ಒಂಬತ್ತು ವರ್ಷ ಸಾರ್."

"ಒಂಬತ್ತು ವರ್ಷದಲ್ಲಿ ಒಂದು ಗೋಲೂ ಇಲ್ವಾ?"

"ಸಾರ್, ನಾನು ಗೋಲ್‌ಕೀಪರ್."

"ಅದು ಸರೀನಮ್ಮ. ಆದ್ರೂ ಒಂದ್ಸಲ ಟ್ರೈ ಮಾಡ್ಬಹುದಿತ್ತಲ್ಲ?"

ಒಳಗಿದ್ದವಳು ನನ್ನ ಅಕ್ಕನ ಮಗಳು ರೇವತಿ. ವಯಸ್ಸು ಇಪ್ಪತ್ತನಾಲ್ಕು, ಎತ್ತರ ನಮ್ಮ ಇಡೀ ವಂಶದಲ್ಲಿ ಯಾರಿಗೂ ಇಲ್ಲದಷ್ಟು. ರಾಜ್ಯ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಇಂಥದ್ದೊಂದು ತಂಡ ಇದೆಯೆಂದು ನಿಮಗೆ ಗೊತ್ತಿತ್ತೇ? ಈ ಅಂಕಣದಲ್ಲಿ ನನ್ನ ಹಲ್ಲುನೋವಿನ ಬಗ್ಗೆ ಬರೆದಾಗ ರಾಶಿ ಕಾಗದ ಬರೆದ ಓದುಗರು ನೀವು. ನಿಜ ಹೇಳಿ.

ರೇವತಿ ಗೋಲ್‌ಕೀಪರ್ ಆದದ್ದು ಆಸೆಯಿಂದಲ್ಲ. ಶ್ರೀನಗರದಲ್ಲಿ ಅಕ್ಕನ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಅವಳ ಅಣ್ಣ, ಅವನ ಗೆಳೆಯರು ಆಡುತ್ತಿದ್ದರು. ಇವಳೂ ಬರುತ್ತೇನೆಂದು ಹಟ ಹಿಡಿದಳು. "ಹುಡುಗಿ ಗುರು, ಓಡೋಕಾಗಲ್ಲ, ಗೋಲಲ್ಲಿ ನಿಲ್ಸು" ಎಂದು ತೀರ್ಮಾನವಾಯಿತು. ನಿಂತಳು. ಒಂದು ತಿಂಗಳಾದ ಮೇಲೆ ಆ ಹುಡುಗರೇ ಬಂದು, "ಆಂಟಿ, ಅವಳನ್ನ ಮನೇಲೇ ಇಟ್ಕೊಳ್ಳಿ, ನಮಗೆ ಗೋಲೇ ಆಗ್ತಿಲ್ಲ" ಎಂದು ಅಕ್ಕನ ಹತ್ತಿರ ಗೋಳಾಡಿದರು.

ಭಾವ ಸ್ಕೂಟರ್ ಓಡಿಸುವಾಗ ಹಾಕುತ್ತಿದ್ದ ಕೈಗವಸುಗಳೇ ಅವಳ ಮೊದಲ ಗ್ಲೌಸ್. ಆಮೇಲೆ ಕಾಲೇಜು ತಂಡ, ಕ್ಲಬ್, ರಾಜ್ಯ ತಂಡ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ, ಟ್ರಂಕಿನ ಮೇಲೆ ಕೂತು ಅರ್ಧ ಭಾರತ ನೋಡಿ ಬಂದಳು. ಬಲಗೈಯ ಎರಡು ಬೆರಳು ಸೊಟ್ಟಗಾದವು. ಮೊಣಕೈಗಳ ಬಣ್ಣವಂತೂ ಕೇಳಬೇಡಿ. ಅಕ್ಕ ವಾರಕ್ಕೊಮ್ಮೆ ಅವಕ್ಕೆ ಕಡಲೆಹಿಟ್ಟು ತಿಕ್ಕುತ್ತಿದ್ದಳು. ಅವಳು ವಾರಕ್ಕೆ ಆರು ದಿನ ಅವನ್ನು ಮಣ್ಣಿಗೆ ತಿಕ್ಕುತ್ತಿದ್ದಳು. ಗೆದ್ದವರು ಯಾರೆಂದು ಬೇರೆ ಹೇಳಬೇಕೆ?

ಮನೆಯಲ್ಲಿ ಮಾತ್ರ ಅವಳ ಪ್ರತಿಭೆಯನ್ನು ಎಲ್ಲರೂ ಕಣ್ಣಾರೆ ಕಂಡಿದ್ದೇವೆ. ಹನುಮಂತನಗರದ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಯಾರದೋ ಸೆರಗು ತಾಗಿ ಕಲಶದ ತೆಂಗಿನಕಾಯಿ ಉರುಳಿತು. ನೆಲ ಮುಟ್ಟುವ ಮೊದಲೇ ರೇಷ್ಮೆ ಸೀರೆಯುಟ್ಟ ಒಂದು ಆಕೃತಿ ಮೂರು ಜನ ಅತ್ತೆಯರ ಮೇಲಿಂದ ಹಾರಿ ಅದನ್ನು ಹಿಡಿದಿತ್ತು. ಪುರೋಹಿತರು ಮಂತ್ರ ನಿಲ್ಲಿಸಿ "ಭಲೇ" ಎಂದರು. ಅತ್ತೆಯರು ಏನೆಂದರು ಎಂಬುದನ್ನು ಇಲ್ಲಿ ಬರೆಯಲಾಗದು.

ಆದರೆ ತೆಂಗಿನಕಾಯಿ ಹಿಡಿದರೆ ಹೊಟ್ಟೆ ತುಂಬುವುದಿಲ್ಲವಲ್ಲ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಆಟವೂ ಉಳಿಯುತ್ತದೆ, ಸಂಬಳವೂ ಬರುತ್ತದೆ. ಎರಡು ಕಡೆ ಇಂಟರ್‌ವ್ಯೂ ಆಗಿ ಎರಡೂ ಕಡೆ ಕೈಕೊಟ್ಟಿತ್ತು. ಈ ಸಲವೂ ಆಗದಿದ್ದರೆ ಜಯನಗರ ಫೋರ್ತ್ ಬ್ಲಾಕಿನ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಗೆ ಸೇರಬೇಕು, ಆಟ ಸಾಕು ಎಂದು ಭಾವ ಹೇಳಿಬಿಟ್ಟಿದ್ದರು. ಒಳ್ಳೆಯ ಮನುಷ್ಯ. ಮಗಳ ಮುಖ ನೋಡಿ ಹೇಳಲಾಗದೆ ಪೇಪರ್ ಓದುತ್ತ ಹೇಳಿದ್ದರು. ಅವಳೂ ಸರಿ ಎಂದಿದ್ದಳು.

ಇದ್ದದ್ದು ಒಂದೇ ಹುದ್ದೆ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವಳು ಜೆಸಿಂತಾ. ರೇವತಿಯದೇ ತಂಡದ ಫಾರ್ವರ್ಡ್, ಅಂದರೆ ಗೋಲ್ ಹೊಡೆಯುವವಳು. ಪ್ರಾಕ್ಟೀಸ್ ಮುಗಿಸಿ ಸೀದಾ ಬಂದಿದ್ದರಿಂದ ಕಾಲ ಬಳಿ ಚೀಲದಲ್ಲಿ ಬಾಲ್ ಇತ್ತು. ಅವಳ ಸರದಿ ಆಗಲೇ ಮುಗಿದಿತ್ತು, ಗೆಳತಿಗಾಗಿ ಕಾಯುತ್ತಿದ್ದಳು. "ನಾನು ಮೂವತ್ತೊಂದು ಗೋಲ್ ಅಂದೆ ಆಂಟಿ. ಅವರು ಫುಲ್ ಖುಷ್" ಎಂದು ಪಿಸುಗುಟ್ಟಿದಳು. ಅವಳ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ.

ನಾನು ಎದ್ದು ಅರ್ಧ ಬಾಗಿಲ ಮೇಲಿಂದ ಇಣುಕಿದೆ. ನಡುವೆ ದೊಡ್ಡ ಸಾಹೇಬರು. ಒಂದು ಕಡೆ ಲೇಡಿ ಆಫೀಸರ್. ಇನ್ನೊಂದು ಕಡೆ ಪ್ರಶ್ನೆ ಕೇಳುತ್ತಿದ್ದ ಕ್ರೀಡಾ ಪರಿಣತರು. (ಇವರು ಆಫೀಸಿನ ಕೇರಂ ಚಾಂಪಿಯನ್ ಎಂದು ಅಟೆಂಡರ್ ಆಮೇಲೆ ಹೇಳಿದ.) ಪರಿಣತರು ಪೆನ್ನಿನ ಮುಚ್ಚಳ ಹಾಕುತ್ತ, "ಬೇರೆಯವರೆಲ್ಲ ಹದಿನೈದು, ಇಪ್ಪತ್ತು, ಮೂವತ್ತು ಅಂತಿದ್ದಾರೆ. ನಿಮ್ಮದು ಸೊನ್ನೆ. ನಾವು ಫೈಲಲ್ಲಿ ಏನಂತ ಬರೆಯೋಣ?" ಎನ್ನುತ್ತಿದ್ದರು. ರೇವತಿ ತಲೆ ತಗ್ಗಿಸಿ ತನ್ನ ಸೊಟ್ಟ ಬೆರಳು ನೋಡಿಕೊಳ್ಳುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಒಳಗೆ ಹೋದೆ.

"ಯಾರ್ರೀ ನೀವು?" ಎಂದರು ಸಾಹೇಬರು.

"ಚಿಕ್ಕಮ್ಮ."

"ಯಾರ ಚಿಕ್ಕಮ್ಮ?"

"ಗೋಲ್‌ಕೀಪರ್ ಚಿಕ್ಕಮ್ಮ ಸಾರ್. ನಿಮ್ಮ ಆಫೀಸಿಗೆ ವಾಚ್‌ಮನ್ ತಗೊಳ್ಳುವಾಗ, ಇದುವರೆಗೆ ಎಷ್ಟು ಕಳ್ಳತನ ಮಾಡಿದ್ದೀಯಪ್ಪಾ ಅಂತ ಕೇಳ್ತೀರಾ?"

ರೇವತಿ ನನ್ನನ್ನು ನೋಡಿದ ನೋಟಕ್ಕೆ ಕಲ್ಲೂ ಕರಗುತ್ತಿತ್ತು. ಮುಗಿಯಿತು, ಸೀರೆ ಅಂಗಡಿಯೇ ಗತಿ ಎಂದುಕೊಂಡೆ. ಆದರೆ ಲೇಡಿ ಆಫೀಸರ್ ಬಾಯಿಗೆ ಕರ್ಚೀಫ್ ಒತ್ತಿಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಅವರೇ, "ಸಾರ್, ಮೂವತ್ತೊಂದು ಗೋಲಿನ ಹುಡುಗಿ ಹೊರಗೇ ಕೂತಿದ್ದಾಳೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ನೋಡೋಣ. ಐದೇ ಐದು ಕಿಕ್" ಎಂದರು.

ಹಾಗೆ, ಬಹುಶಃ ಆ ಆಫೀಸಿನ ಇತಿಹಾಸದಲ್ಲೇ ಮೊದಲ ಬಾರಿಗೆ, ಒಂದು ತೀರ್ಮಾನ ಹತ್ತು ನಿಮಿಷದಲ್ಲಿ ಜಾರಿಯಾಯಿತು.

ಸ್ಕೂಟರ್ ಸ್ಟ್ಯಾಂಡಿನ ಎರಡು ಕಬ್ಬಿಣದ ಕಂಬಗಳೇ ಗೋಲ್‌ಪೋಸ್ಟ್. ನೆಲ ಸಿಮೆಂಟು. ರೇವತಿ ಚೂಡಿದಾರದ ದುಪಟ್ಟಾ ತೆಗೆದು ನನ್ನ ಕೈಗೆ ಕೊಟ್ಟಳು. ಗ್ಲೌಸ್ ಇರಲಿಲ್ಲ. ಎಲ್ಲ ಸೆಕ್ಷನ್‌ಗಳೂ ಖಾಲಿಯಾಗಿ ಜನ ಕಾರಿಡಾರಿನ ಕಂಬಿ ಹಿಡಿದು ನಿಂತರು. ಕೆಲಸಕ್ಕಾಗಿ ಬಂದಿದ್ದ ಸಾರ್ವಜನಿಕರೂ ಸೇರಿಕೊಂಡರು. ಹೇಗೂ ಅವರ ಕೆಲಸ ಆಗುತ್ತಿರಲಿಲ್ಲ.

ಜೆಸಿಂತಾ ಬಾಲ್ ಇಡುವಾಗ ರೇವತಿ ಅವಳ ಹತ್ತಿರ ಹೋದಳು. ನಾನು ಪಕ್ಕದಲ್ಲೇ ಇದ್ದೆ.

"ಪಾಪ ಅಂತ ಮೆತ್ತಗೆ ಹೊಡೀಬೇಡ ಕಣೇ."

"ಹೊಡೆಯಲ್ಲ. ನಂಗೂ ಕೆಲ್ಸ ಬೇಕು ರೇವ್" ಎಂದಳು ಜೆಸಿಂತಾ.

ಅದುವರೆಗೆ ನನಗಿದೆಲ್ಲ ತಮಾಷೆಯಾಗಿತ್ತು. ಈಗ ಅಲ್ಲ. ದುಪಟ್ಟಾ ಮಡಚಿಕೊಂಡು ಪಕ್ಕಕ್ಕೆ ಸರಿದು ನಿಂತೆ.

ಮೊದಲ ಕಿಕ್ ಎಡಕ್ಕೆ ಹೋಯಿತು. ರೇವತಿ ಸಿಮೆಂಟಿನ ಮೇಲೇ ಹಾರಿ ತಡೆದಳು. ಮೊಣಕೈ ತರಚಿತು. ಎರಡನೆಯದು ಗೋಲ್. "ಹೋಯ್ತು!" ಎಂದು ಕೇರಂ ಪರಿಣತರು ಸಂತೋಷದಿಂದ ಬರೆದುಕೊಂಡರು. ಮೂರನೆಯದು ಕಂಬಕ್ಕೆ ಬಡಿದು ಪಕ್ಕಕ್ಕೆ ಸಿಡಿಯಿತು, ಸಾಲಾಗಿ ನಿಂತಿದ್ದ ಸ್ಕೂಟರ್‌ಗಳು ಒಂದರ ಮೇಲೊಂದು ಒರಗಿದವು. ಅಕೌಂಟ್ಸ್ ಸೆಕ್ಷನ್ನಿನಿಂದ ಒಬ್ಬರು "ಅಯ್ಯೋ ನನ್ನ ಗಾಡಿ!" ಎಂದು ಓಡಿ ಬಂದರು. ನಾಲ್ಕನೆಯದನ್ನು ಕಾಲಿನಿಂದ ತಡೆದಳು. ಹೇಗೆಂದು ಅವಳಿಗೂ ಗೊತ್ತಿಲ್ಲವಂತೆ.

ಐದನೆಯದಕ್ಕೆ ಜೆಸಿಂತಾ ದೂರದಿಂದ ಓಡಿ ಬಂದು ಹೊಡೆದಳು. ಬಾಲ್ ನೇರವಾಗಿ ರೇವತಿಯ ಮುಖಕ್ಕೆ ಬಂತು. ಪಟ್ ಎಂಬ ಸದ್ದು. ಅವಳು ಹಿಂದಕ್ಕೆ ಬಿದ್ದಳು. ಬಾಲ್ ಮೇಲೆ ಚಿಮ್ಮಿ ಕೆಳಗೆ ಬರುವಷ್ಟರಲ್ಲಿ, ಬಿದ್ದಲ್ಲಿಂದಲೇ ಎರಡೂ ಕೈ ಚಾಚಿ ಹಿಡಿದು ಎದೆಗೆ ಅವುಚಿಕೊಂಡಳು. ಮೂಗಿನಿಂದ ರಕ್ತ ಸುರಿಯುತ್ತಿತ್ತು.

ಎಲ್ಲರಿಗಿಂತ ಮೊದಲು ಓಡಿದವಳು ಜೆಸಿಂತಾ. ಆಮೇಲೆ ದುಪಟ್ಟಾ ಹಿಡಿದು ನಾನು. ಆಮೇಲೆ ಸಾಹೇಬರು.

"ತುಂಬಾ ನೋವಾಯ್ತೇನಮ್ಮ?"

"ಗೋಲ್ ಆಗ್ಲಿಲ್ಲ ಸಾರ್" ಎಂದಳು ರೇವತಿ, ಮೂಗು ಹಿಡಿದುಕೊಂಡು.

ಕಾರಿಡಾರಿನಿಂದ ಚಪ್ಪಾಳೆ ಶುರುವಾಯಿತು. ಸಾಹೇಬರು ಪರಿಣತರ ಕೈಯಿಂದ ಕಾಗದ ತೆಗೆದುಕೊಂಡು, ಸೊನ್ನೆಯನ್ನು ಹೊಡೆದುಹಾಕಿ ತಾವೇ ಏನೋ ಬರೆದರು.

ವಾಪಸು ಬರುವಾಗ ಮೂವರೂ ಒಂದು ದರ್ಶಿನಿಗೆ ಹೋದೆವು. ರೇವತಿಯ ಮೂಗಿನಲ್ಲಿ ಹತ್ತಿ. ಜೆಸಿಂತಾ ತನ್ನ ಮಸಾಲೆ ದೋಸೆ ಮುಟ್ಟಲೇ ಇಲ್ಲ. "ಸಾರಿ ಕಣೇ" ಎಂದಳು. "ಯಾಕೆ? ಸಖತ್ ಕಿಕ್ ಅದು" ಎಂದಳು ರೇವತಿ. ಆಮೇಲೆ ಇಬ್ಬರೂ ಸುಮ್ಮನೆ ಅತ್ತರು. ನಾನು ಚಟ್ನಿ ತರುವ ನೆಪದಲ್ಲಿ ಎದ್ದು ಹೋದೆ. ಒಂದು ಹುದ್ದೆಗೆ ಇಬ್ಬರು ಗೆಳತಿಯರನ್ನು ನಿಲ್ಲಿಸುವವರಿಗೆ ರೆಫರಿ ಹಳದಿ ಕಾರ್ಡ್ ತೋರಿಸಬೇಕೋ ಕೆಂಪು ಕಾರ್ಡ್ ತೋರಿಸಬೇಕೋ ನನಗೆ ಗೊತ್ತಿಲ್ಲ.

ಎರಡು ತಿಂಗಳಾದ ಮೇಲೆ ಆರ್ಡರ್ ಬಂತು, ರೇವತಿಗೆ. ಭಾವ ಪೇಪರ್ ಕೆಳಗಿಟ್ಟು ಅದನ್ನು ನಾಲ್ಕು ಸಲ ಓದಿದರು. ಅಕ್ಕ ಇಡೀ ಬೀದಿಗೆ ಮೈಸೂರ್ ಪಾಕ್ ಹಂಚಿದಳು. ಜೆಸಿಂತಾಗೂ ಮೊನ್ನೆ ಬೇರೊಂದು ಸಂಸ್ಥೆಯ ತಂಡದಿಂದ ಕರೆ ಬಂದಿದೆ. ಸುದ್ದಿ ಕೇಳಿದಾಗ ರೇವತಿ ಕುಣಿದಷ್ಟು ತನಗೇ ಕೆಲಸ ಸಿಕ್ಕಾಗಲೂ ಕುಣಿದಿರಲಿಲ್ಲ.

ಕಳೆದ ಸೋಮವಾರ ರೇವತಿ ಕೆಲಸಕ್ಕೆ ಸೇರಿದಳು. ಸಂಜೆ ಫೋನ್ ಮಾಡಿದೆ.

"ಏನು ಕೆಲ್ಸ ಕೊಟ್ರೇ?"

"ಸಾಹೇಬ್ರ ರೂಮಿನ ಬಾಗಿಲಲ್ಲಿ ಒಂದು ಟೇಬಲ್ ಹಾಕಿ ಕೂರ್ಸಿದ್ದಾರೆ ಚಿಕ್ಕಮ್ಮ. ಪಬ್ಲಿಕ್ ಯಾರೂ ಒಳಗೆ ಬರಬಾರದಂತೆ."

"ಎಷ್ಟು ಜನ ಬಂದಿದ್ರು?"

"ನಲವತ್ತು."

"ಒಳಗೆ ಹೋದೋರು?"

"ಒಬ್ರೂ ಇಲ್ಲ."

ಸರ್ಕಾರಕ್ಕೆ ಪ್ರತಿಭೆ ಗುರುತಿಸಲು ಬರುವುದಿಲ್ಲ ಎನ್ನುವವರು ಈಗೇನು ಹೇಳುತ್ತೀರಿ?